ಲಕ್ಕಿ ಕೊಂಬೆ ನೆಟ್ಟ ಅಣ್ಣಮ್ಮಕ್ಕ

ನಮ್ಮ ಕಿರಂಗೂರಿನಲ್ಲಿ ಮರೆವನ್ನು ಅಣ್ಣಮ್ಮಕ್ಕನಷ್ಟು ಸುಖವಾಗಿ ಅನುಭವಿಸಿದವರು ಇನ್ನೊಬ್ಬರಿಲ್ಲ. ಮರೆವಿನ ರೋಗಿ ಅನ್ನಿಸಿಕೊಂಡು ಹೆಚ್ಚುಕಡಿಮೆ ಒಂದು ವರ್ಷ ಅವಳು ಊರಲ್ಲಿ ಮೆರೆದಳು. ಹೋಳಿಗೆ ತಿಂದು ಕೈ ತೊಳೆದ ಮೇಲೆ ಮತ್ತೆ ಬಂದು ಎಲೆ ಮುಂದೆ ಕೂತು, ತನಗೆ ಇನ್ನೂ ಬಡಿಸಿಲ್ಲ ಅನ್ನುತ್ತಿದ್ದಳು. ಸೊಸೆ ಅವರೆಕಾಯಿ ಸುಲಿಯಲು ಕೂರಿಸಿದರೆ ಅರ್ಧದಲ್ಲಿ ಎದ್ದು ಹೋಗಿ ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದಳು. ಕಂಡರಾಗದ ಬೀಗಿತ್ತಿ ಬಂದಾಗ ಮುಖ ಮುಖ ನೋಡಿ, ಯಾವೂರವ್ವ ನೀನು ಅಂತ ಕೇಳಿ, ಆಕೆ ಕಾಫಿಯನ್ನೂ ಕುಡಿಯದೆ ಎದ್ದು ಹೋಗುವ ಹಾಗೆ ಮಾಡಿದಳು.

ಇದನ್ನು ಬರೆಯುತ್ತಿರುವ ನಾನು ತಮ್ಮಯ್ಯ, ಊರಿನ ಡೈರಿ ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಹಾಲು ಅಳೆಯುವ ಕೆಲಸ. ಹಾಲಿಗೆ ನೀರು ಬೆರೆಸಿ ತಂದವರನ್ನು ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ಮುಖ ನೋಡಿ ಹಿಡಿಯುತ್ತೇನೆ ಅಂತ ನನಗೊಂದು ಜಂಬವಿತ್ತು. ನನಗೆ ಕೋಪ ಬೇಗ ಬರುತ್ತದೆ ಅಂತ ಊರೆಲ್ಲ ಹೇಳುತ್ತಾರೆ. ಬರುತ್ತದೆ, ನಿಜ. ಮೋಸ ಕಂಡರೆ ಬರದೆ ಇನ್ನೇನು? ಆದರೆ ಅಣ್ಣಮ್ಮಕ್ಕ ನನ್ನ ಕಣ್ಣೆದುರೇ ಒಂದು ವರ್ಷ ಎಲ್ಲರಿಗೂ ಟೋಪಿ ಹಾಕಿದಳು, ನನಗೆ ಗೊತ್ತಾಗಲಿಲ್ಲ. ಗೊತ್ತಾದ ದಿನ ಕೋಪವೂ ಬರಲಿಲ್ಲ.

ಇದ್ದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕನಿಗೆ ಮರೆವು ಇರಲಿಲ್ಲ. ಮರೆವು ಶುರುವಾಗಿದ್ದದ್ದು ಅವಳ ಗಂಡ ರಂಗಸ್ವಾಮಿ ಭಾವನಿಗೆ. ಭಾವ ನಮ್ಮೂರ ನೀರುಗಂಟಿ, ಅಂದರೆ ನಾಲೆಯ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಹಂಚುವವನು. ಅವನಿಗೆ ಸರದಿ ಮರೆಯುತ್ತಿದೆ ಅಂತ ಊರಿಗೆ ತಿಳಿದರೆ ಆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮನುಷ್ಯನೇ ಕುಸಿದು ಹೋಗುತ್ತಾನೆ ಅನ್ನುವುದು ಅವಳ ಭಯ. ಆ ಭಯಕ್ಕಾಗಿ ಅವಳು ಇಷ್ಟೆಲ್ಲ ನಾಟಕ ಕಟ್ಟಿದ್ದು.

ಅಕ್ಕ, ಭಾವ ಅನ್ನುತ್ತೇನೆಯೇ ಹೊರತು ನಮಗೆ ರಕ್ತಸಂಬಂಧವೇನೂ ಇಲ್ಲ. ಎರಡು ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ. ಅವಳ ತವರು ನಾಗಮಂಗಲದ ಆಚೆ ಬಿಂಡಿಗನವಿಲೆ. ಮಳೆ ನಂಬಿದ ಊರು. ರಾಗಿ, ಹುರುಳಿ, ಕುರಿ. ಮುಖ ತೊಳೆದ ನೀರನ್ನೂ ಚೆಲ್ಲದೆ ಸೋರೆ ಬಳ್ಳಿಗೆ ಹಾಕಿ ಬೆಳೆದವಳು ಅವಳು. ಮದುವೆಯಾಗಿ ಬಂದ ದಿನ ಇಲ್ಲಿ ಹೊಸಲಿನ ಮೇಲೆ ಸೇರಕ್ಕಿ ಇಟ್ಟುಕೊಂಡು ಎಲ್ಲರೂ ಕಾಯುತ್ತಿದ್ದರೆ, ಮದುವಣಗಿತ್ತಿ ಊರ ಹೊರಗೇ ಗಾಡಿ ಇಳಿದು, ನಾಲೆಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟುಕೊಂಡಿದ್ದಳಂತೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅಂತ ಗಾದೆ. ಇವಳು ಊರಿಗೆ ಬರುವ ಮೊದಲೇ ನೀರಿಗೆ ಬಂದಳು. ಕರೆಯಲು ಹೋದ ಭಾವ ತಾನೂ ಪಕ್ಕದಲ್ಲಿ ಕೂತುಬಿಟ್ಟ. ಇಬ್ಬರನ್ನೂ ಎಬ್ಬಿಸಿ ತರಲು ಮತ್ತೊಬ್ಬರು ಹೋಗಬೇಕಾಯಿತು.

ಆಮೇಲೆ ಅವಳು ಆ ನೀರನ್ನು ಬಿಡಲೇ ಇಲ್ಲ. ಭಾವನಿಗೆ ಬುತ್ತಿ ಕೊಡುವ ನೆಪದಲ್ಲಿ ಏರಿಗೆ ಹೋದರೆ, ಅವನ ಹಿಂದೆಯೇ ಕಾಲುವೆಯ ಕೊನೆಯ ತನಕ ಸುತ್ತಿಕೊಂಡು ಬರುವಳು. ಹಾಗೆ ಸುತ್ತಿ ಸುತ್ತಿಯೇ ಯಾರ ಗದ್ದೆ ಎಷ್ಟು ನೀರು ಕುಡಿಯುತ್ತದೆ, ಯಾರ ಬದು ಸೋರುತ್ತದೆ ಎಲ್ಲ ಅವಳಿಗೆ ಬಾಯಿಪಾಠವಾಯಿತು.

ನಮ್ಮಲ್ಲಿ ನೀರು ಹಂಚುವುದಕ್ಕೊಂದು ಪದ್ಧತಿ ಇದೆ. ಕಾಲುವೆಯ ಉದ್ದಕ್ಕೂ ತೂಬುಗಳಿವೆ. ಯಾರ ಗದ್ದೆಗೆ ಸರದಿಯೋ ಆ ತೂಬು ತೆಗೆದು, ಪಕ್ಕದಲ್ಲಿ ನೀರುಗಂಟಿ ಏರಿಯ ಲಕ್ಕಿ ಗಿಡದಿಂದ ಮುರಿದ ಒಂದು ಹಸಿ ಕೊಂಬೆ ನೆಡುತ್ತಾನೆ. ಕೊಂಬೆ ಇದ್ದರೆ ಇಲ್ಲಿ ನೀರು ಹರಿಯುತ್ತಿದೆ, ಯಾರೂ ಮುಚ್ಚಕೂಡದು ಅಂತ. ಗದ್ದೆ ತುಂಬಿದ ಮೇಲೆ ನೆಟ್ಟವನೇ ಬಂದು ಕಿತ್ತು ತೂಬು ಮುಚ್ಚಬೇಕು. ಬೇರೆಯವರು ಕೀಳುವ ಹಾಗಿಲ್ಲ. ಬದುವಿನ ಜಗಳಕ್ಕೆ ಅಣ್ಣತಮ್ಮಂದಿರು ಕೋರ್ಟಿಗೆ ಹೋದದ್ದುಂಟು, ಆದರೆ ಇನ್ನೊಬ್ಬರು ನೆಟ್ಟ ಲಕ್ಕಿ ಕೊಂಬೆ ಮುಟ್ಟಿದವರು ನಮ್ಮೂರಲ್ಲಿಲ್ಲ.

ಎರಡು ವರ್ಷದ ಹಿಂದೆ ಆಷಾಢದಲ್ಲಿ ನಮ್ಮ ಡೈರಿ ಮುಂದೆ ಒಂದು ಕ್ಯಾಂಪ್ ನಡೆಯಿತು. ಯಾವುದೋ ಸಂಶೋಧನಾ ಸಂಸ್ಥೆಯವರದ್ದು. ಅವರ ಕಡೆಯಿಂದ ಬಂದವಳು ಅಸ್ಫಿಯಾ, ಶ್ರೀರಂಗಪಟ್ಟಣದ ಹುಡುಗಿ. ಅವಳ ತಂದೆ ಪೀರ್ ಅಹಮದ್ ನಮ್ಮ ಡೈರಿಗೆ ಹಿಂಡಿ ಮೂಟೆ ತರುವ ಗೂಡ್ಸ್ ಆಟೋದವರು, ಹಾಗಾಗಿ ನಾನೇ ಜಾಗ ಕೊಟ್ಟೆ. ವಯಸ್ಸಾದವರ ನೆನಪಿನ ಪರೀಕ್ಷೆ ಮಾಡುವುದು, ಒಂದಿಷ್ಟು ರಕ್ತ ತೆಗೆದುಕೊಂಡು ಹೋಗುವುದು, ಮರುವರ್ಷ ಬಂದು ಮತ್ತೆ ಅದನ್ನೇ ಮಾಡುವುದು ಅವಳ ಕೆಲಸ. ಅಲ್ಜೈಮರ್ ಅಂತ ನೆನಪು ಕೆಡುವ ರೋಗವಿದೆಯಲ್ಲ, ಅದು ಇರುವವರ ಮೈಯಲ್ಲಿ ಆರ್‌ಎನ್‌ಎ ಅನ್ನುವ ವಸ್ತುವಿನ ಮೇಲಿನ ಗುರುತುಗಳು ಬೇರೆ ಥರ ಇರುತ್ತವೆಯೇ ಅಂತ ನೋಡುತ್ತಿದ್ದಾರೆ ಅಂದಳು. ರಕ್ತ ತೆಗೆದ ಕೂಡಲೇ ಐಸ್ ಪೆಟ್ಟಿಗೆಗೆ ಇಡುತ್ತಿದ್ದಳು. ಆರ್‌ಎನ್‌ಎ ಬಲು ಬೇಗ ಕೆಡುತ್ತದೆ ಅಂತ ಅವಳು ಹೇಳಿದ್ದಕ್ಕೆ, ಹಾಲು ಹಾಕಲು ಬಂದಿದ್ದ ಚಿಕ್ಕಬೋರಮ್ಮ, ಹಾಗಾದರೆ ನಮ್ಮ ಹಾಲಿನ ಜಾತಿಯೇ ಅನ್ನು ಅಂದಳು. ಹೆಂಗಸರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಸೆರಗು ಸರಿಸಿ ತೋಳು ಚಾಚಿದರು.

ಅಕ್ಕ, ಭಾವ ಒಟ್ಟಿಗೆ ಬಂದು ಒಂದೇ ಬೆಂಚಿನ ಮೇಲೆ ಕೂತರು. ಅಸ್ಫಿಯಾ ಭಾವನನ್ನು ಇದು ಯಾವ ಮಾಸ ಅಂತ ಕೇಳಿದಳು. ಭಾವ ಮೀಸೆ ತಿರುವುತ್ತ ಸೂರು ನೋಡಿದ. ಪಕ್ಕದಲ್ಲಿದ್ದ ಅಕ್ಕ, ಹೊಸ ಸೊಸೆಯರೆಲ್ಲ ತವರಿಗೆ ಹೋಗಿ ಊರೇ ಬಣಗುಟ್ಟುತ್ತಿದೆ ಅಂತ ಚಿಕ್ಕಬೋರಮ್ಮನಿಗೆ ಹೇಳಿದಳು. ಭಾವ ಆಷಾಢ ಅಂದ. ಆಮೇಲೆ ಕೊಡೆ, ಬಾಳೆಹಣ್ಣು, ಬೀಗ ಅಂತ ಮೂರು ಮಾತು ಹೇಳಿ ನೆನಪಿಟ್ಟುಕೊಳ್ಳಲು ಹೇಳಿದ ಅಸ್ಫಿಯಾ, ಸ್ವಲ್ಪ ಹೊತ್ತು ಬಿಟ್ಟು ಅವು ಯಾವುವು ಅಂತ ಕೇಳಿದಳು. ಅಕ್ಕ ಮೇಲೆ ನೋಡಿ ಮೋಡ ಕವಿಯುತ್ತಿದೆ ಅಂದಳು. ಮನೆಯಲ್ಲಿ ಮೊಮ್ಮಗು ಹಣ್ಣಿಗೆ ಅಳುತ್ತಿರಬಹುದು ಅಂದಳು. ಅಯ್ಯೋ, ಬಾಗಿಲು ಹಾಗೇ ಬಿಟ್ಟು ಬಂದೆನಲ್ಲ ಅಂತ ಎದೆ ಮುಟ್ಟಿಕೊಂಡಳು. ಭಾವ ಮೂರನ್ನೂ ಸಾಲಾಗಿ ಹೇಳಿ ನಮ್ಮ ಕಡೆ ಗೆದ್ದವನ ಹಾಗೆ ನೋಡಿದ. ಗಂಡಹೆಂಡಿರ ಲೋಕಾಭಿರಾಮದಲ್ಲಿ ಇಷ್ಟೆಲ್ಲ ನಡೆಯುತ್ತಿದೆ ಅಂತ ಕೆಲಸಕ್ಕೆ ಹೊಸಬಳಾದ ಅಸ್ಫಿಯಾಗೆ ಹೊಳೆಯಲಿಲ್ಲ. ಅಲ್ಲೇ ನಿಂತಿದ್ದ ನನಗೂ ಹೊಳೆಯಲಿಲ್ಲ.

ತನ್ನ ಸರದಿ ಬಂದಾಗ ಅಕ್ಕ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟಳು: ನನಗೇನು ಗೊತ್ತವ್ವ, ಅವರನ್ನೇ ಕೇಳು. ಗಂಡನೆದುರು ಹೆಂಗಸರು ಹಾಗನ್ನುವುದು ನಮ್ಮಲ್ಲಿ ಹೊಸದಲ್ಲ. ಪರೀಕ್ಷೆಯ ಲೆಕ್ಕದಲ್ಲಿ ಮಾತ್ರ ಅದು ಮರೆವಾಯಿತು. ಭಾವನ ರಕ್ತ ನೆನಪು ಸರಿಯಿರುವವರ ಗುಂಪಿಗೆ ಹೋಯಿತು, ಅಕ್ಕನದು ಮರೆವಿನವರ ಗುಂಪಿಗೆ. ಹೊರಡುವಾಗ ಅಸ್ಫಿಯಾ ಅವರ ಮಗ ಕುಮಾರನನ್ನು ಕರೆದು, ಇದು ರೋಗ ಅಂತ ಹೇಳಲಾಗುವುದಿಲ್ಲ, ಆದರೂ ಅಮ್ಮನನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಅಂದಳು. ಕುಮಾರ್ ಟ್ರಾಕ್ಟರು ಓಡಿಸುವವನು. ಒಳ್ಳೆಯವನೇ, ಆದರೆ ಗಾಬರಿಯ ಪ್ರಾಣಿ. ಸಂಜೆಯೊಳಗೆ ಅಮ್ಮನಿಗೆ ಮರೆವಿನ ರೋಗ ಅಂತ ಊರಿಗೆಲ್ಲ ಹೇಳಿ ಮುಗಿಸಿದ್ದ.

ಅಕ್ಕ ಮೊದಲು ಬೆಚ್ಚಿದಳು. ಆಮೇಲೆ ಯೋಚಿಸಿದಳು. ಮನೆಯಲ್ಲಿ ಒಬ್ಬರಿಗೆ ಮರೆವು ಅಂತ ಆದ ಮೇಲೆ ಇನ್ನೊಬ್ಬರ ಮೇಲೆ ಯಾರೂ ಕಣ್ಣಿಡುವುದಿಲ್ಲ. ಫ್ರಿಜ್ಜಿನೊಳಗೆ ಸಿಕ್ಕ ಭಾವನ ಕನ್ನಡಕ, ದನಕ್ಕೆ ಎರಡೆರಡು ಸಲ ಬಿದ್ದ ಹಿಂಡಿ, ಮಾಡಿದ್ದೆಲ್ಲ ತಾನೇ ಅಂತ ಒಪ್ಪಿಕೊಂಡಳು. ಅದರ ಜೊತೆಗೆ ಹೋಳಿಗೆ, ಬಿಸಿಲು, ಬೀಗಿತ್ತಿ. ಹೇಗೂ ನಾಟಕ ಹೂಡಿದ್ದಾಗಿದೆ, ತನಗೂ ಒಂದಿಷ್ಟು ಸುಖ ಸಿಗಲಿ ಅಂದುಕೊಂಡಳೇನೋ. ಸೊಸೆ ಅರ್ಪಿತ ಪಾಪ, ಅತ್ತೆ ಏನು ಕೇಳಿದರೂ ಇಲ್ಲ ಅನ್ನುತ್ತಿರಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಬಂದರೆ ಮಾತ್ರ ಅಕ್ಕ ಬೆಳಿಗ್ಗೆಯೇ ಚಿಕ್ಕಬೋರಮ್ಮನ ಹೊಲಕ್ಕೋ ಕರಿಘಟ್ಟದ ದೇವಸ್ಥಾನಕ್ಕೋ ಹೊರಟು ಹೋಗಿರುತ್ತಿದ್ದಳು. ಬಂದ ಮೇಲೆ ಕೇಳಿದರೆ, ಮರೆತುಬಿಟ್ಟೆ ಕಣಪ್ಪ ಅನ್ನುತ್ತಿದ್ದಳು. ಮರೆವಿನ ರೋಗಿಯನ್ನು ಮರೆತೆ ಅಂದಿದ್ದಕ್ಕೆ ಬೈಯುವುದಾದರೂ ಹೇಗೆ?

ಒಂದನ್ನು ಮಾತ್ರ ಅವಳು ಎಣಿಸಿರಲಿಲ್ಲ. ಮರೆವಿನವಳು ನೀರಿನ ಹತ್ತಿರ ಹೋಗಬಾರದು ಅಂತ ಕುಮಾರ್ ಅವಳನ್ನು ನಾಲೆಗೆ ಹೋಗದ ಹಾಗೆ ತಡೆದ. ಭಾವ ಏರಿಯ ಮೇಲೆ ಒಬ್ಬನೇ ಆದ.

ನಾನು ಆಗ ತಾನೇ ನಾಟಿ ಮುಗಿಸಿದ್ದೆ. ನನ್ನ ಸರದಿಗೆ ತೂಬು ತೆಗೆದು ಕೊಂಬೆ ನೆಟ್ಟ ಭಾವ ಮತ್ತೆ ಆ ಕಡೆ ಬರಲಿಲ್ಲ. ಕೊಂಬೆ ಇರುವಾಗ ನಾನು ಮುಚ್ಚುವ ಹಾಗಿಲ್ಲ. ಇವತ್ತು ಬರುತ್ತಾನೆ, ಸಂಜೆ ಬರುತ್ತಾನೆ ಅಂತ ಕಾದು ಕಾದು ಪೈರೆಲ್ಲ ನೀರಿನಲ್ಲಿ ಮುಳುಗಿತು. ಅತ್ತ ಕಾಲುವೆಯ ಕೊನೆಯಲ್ಲಿರುವ ಚಿಕ್ಕಬೋರಮ್ಮನ ಗದ್ದೆ ಬಿರುಕು ಬಿಟ್ಟಿತು. ಅವಳ ತೂಬಿನ ಪಕ್ಕವೂ ಕೊಂಬೆ ಇತ್ತು, ನೀರು ಮಾತ್ರ ಇರಲಿಲ್ಲ. ನಾನು ಭಾವನನ್ನು ನಡುಬೀದಿಯಲ್ಲಿ ನಿಲ್ಲಿಸಿಕೊಂಡು ಬೈದೆ. ಬೈದದ್ದಕ್ಕೆ ಇವತ್ತೂ ನನಗೆ ಬೇಜಾರಿಲ್ಲ; ನನ್ನ ಪೈರು ಹೋಗಿತ್ತು.

"ನಿನ್ ಸರದಿ ಇವತ್ತು ತಾನೆ ಕಣ್ಲಾ ತಮ್ಮಯ್ಯ?" ಅಂತ ಭಾವ ಮೆಲ್ಲಗೆ ಕೇಳಿದ.

ನೀರುಗಂಟಿಗೆ ವಯಸ್ಸಾಯಿತು, ಬೇರೆಯವರನ್ನು ನೇಮಿಸಿ ಅಂತ ನಾನು ನೀರು ಬಳಕೆದಾರರ ಸಂಘಕ್ಕೆ ಹೇಳಿದೆ. ಪಕ್ಕದ ಬೀದಿಯ ಚಲುವರಾಜು ಆಗಲಿ, ಮೊಬೈಲಿನಲ್ಲಿ ಎಲ್ಲರಿಗೂ ಮೆಸೇಜು ಹಾಕಿ ಹಂಚುತ್ತಾನಂತೆ ಅಂದೆ. ಈ ಬೆಳೆ ಮುಗಿಯಲಿ, ಮುಂದಿನ ವರ್ಷ ನೀರು ಬಿಡುವ ಮೊದಲು ತೀರ್ಮಾನ ಮಾಡೋಣ ಅಂದರು ಸಂಘದವರು.

ಆ ಸುದ್ದಿ ಗೋಡೆ ದಾಟಿ ಅಕ್ಕನ ಕಿವಿಗೆ ಬಿದ್ದದ್ದೇ ತಡ, ಅವಳ ರೋಗ ಜೋರಾಯಿತು. ದಾರಿ ತಪ್ಪಲು ಶುರು ಮಾಡಿದಳು. ದೇವಸ್ಥಾನಕ್ಕೆ ಅಂತ ಹೊರಟವಳು ದಾರಿ ತಪ್ಪಿ ನಾಲೆಗೆ ಹೋಗುವಳು. ಅಂಗಡಿಗೆ ಅಂತ ಹೊರಟವಳು ದಾರಿ ತಪ್ಪಿ ನಾಲೆಗೆ ಹೋಗುವಳು. ಅರ್ಪಿತ ಹುಡುಕಿಕೊಂಡು ಹೋಗಿ ಕೈಹಿಡಿದು ಕರೆತರುವಳು. ಅಕ್ಕನ ಸೆರಗಿನಲ್ಲಿ ಯಾವಾಗಲೂ ಲಕ್ಕಿ ಸೊಪ್ಪಿನ ವಾಸನೆ. ಅವಳು ದಾರಿ ತಪ್ಪಿದ ದಿನವೆಲ್ಲ ನೀರು ಮಾತ್ರ ದಾರಿ ತಪ್ಪದೆ ಚಿಕ್ಕಬೋರಮ್ಮನ ಗದ್ದೆ ಮುಟ್ಟುತ್ತಿತ್ತು. ಭಾವ ನನ್ನ ಬೈಗುಳಕ್ಕೆ ಹೆದರಿ ಸರಿಹೋದ ಅಂದುಕೊಂಡು ನಾನು ಒಳಗೊಳಗೇ ಬೀಗಿದೆ.

ಮರುವರ್ಷ ಅಸ್ಫಿಯಾ ಬಂದ ದಿನವೇ ಸಂಜೆ ಸಂಘದ ಸಭೆ ಇತ್ತು. ಈ ಸಲ ಅವಳಿಗೆ ಮೇಲಿನವರು ಹೊಸ ನಿಯಮ ಹೇಳಿ ಕಳಿಸಿದ್ದರು: ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಬೇಕು. ಹಿಂಡಿ ಮೂಟೆ ಇಡುವ ಕೋಣೆಯನ್ನು ನಾನು ಗುಡಿಸಿ ಕೊಟ್ಟೆ. ಭಾವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ನೋಡುತ್ತಿದ್ದ ಹಾಗೆಯೇ ಅಕ್ಕ ಚಿಕ್ಕಬೋರಮ್ಮನ ಕರುವನ್ನು ಎಳೆದುಕೊಂಡು ಹೋಗಿ ಕೋಣೆಯ ಕಿಟಕಿಯ ಕೆಳಗೆ ಕಟ್ಟಿದಳು. ಆಮೇಲೆ ಆ ಮೂಕಪ್ರಾಣಿಯನ್ನು ಊರಿಗೆಲ್ಲ ಕೇಳುವ ಹಾಗೆ ಬೈಯಲು ಹತ್ತಿದಳು. ಆಷಾಢದಲ್ಲಿ ಹುಟ್ಟಿದ ಮುಂಡೇದೇ ಅಂತ ಒಮ್ಮೆ. ಸೋಮವಾರವೂ ನಿನಗೆ ಬಿಡುವಿಲ್ಲವೇ ಅಂತ ಒಮ್ಮೆ. ಪಾಪದ ಕರು ಸುಮ್ಮನೆ ನಿಂತು ಕಿವಿ ಆಡಿಸುತ್ತಿತ್ತು.

ಕಿಟಕಿ ತೆರೆಯಿತು. ಅಸ್ಫಿಯಾ ತಲೆ ಹೊರಗೆ ಹಾಕಿ ಅಕ್ಕನನ್ನು ನೋಡಿದಳು, ಕರುವನ್ನು ನೋಡಿದಳು, ನನ್ನನ್ನು ನೋಡಿದಳು. ಹಾಲಿನಲ್ಲಿ ನೀರು ಕಂಡವನ ಹಾಗೆ ನನಗೂ ಆಗಲೇ ಎಲ್ಲ ತಿಳಿಯಿತು. ಹಿಂದಿನ ವರ್ಷದ ಕೊಡೆ, ಬಾಳೆಹಣ್ಣು, ಬೀಗ ತಿಳಿಯಿತು. ನನ್ನ ಪೈರು ಯಾಕೆ ಮುಳುಗಿತು, ಆಮೇಲೆ ಯಾಕೆ ಮುಳುಗಲಿಲ್ಲ ಅದೂ ತಿಳಿಯಿತು.

ರಕ್ತದ ಪೆಟ್ಟಿಗೆಯನ್ನು ಡೈರಿಯೊಳಗೆ ಇಟ್ಟು ಅಸ್ಫಿಯಾ ಅಕ್ಕನನ್ನು ನಾಲೆ ಏರಿಗೆ ಕರೆದುಕೊಂಡು ಹೋದಳು. ನಾನೂ ಹೋದೆ. ನಮ್ಮ ಹಿಂದೆಯೇ ಬಂದ ಭಾವ ಸ್ವಲ್ಪ ದೂರದಲ್ಲಿ ಲಕ್ಕಿ ಕೊಂಬೆ ಮುರಿದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ನಾಲೆಗೆ ಇನ್ನೂ ನೀರೇ ಬಿಟ್ಟಿರಲಿಲ್ಲ; ಯಾಕೆ ಅಂತ ಅವನಿಗೇ ಗೊತ್ತಿತ್ತೋ ಇಲ್ಲವೋ. ಅಕ್ಕ ಎಲ್ಲವನ್ನೂ ಹೇಳಿದಳು, ಅತ್ತಳು. ತನ್ನ ಹೆಸರು ಮರೆವಿನವರ ಗುಂಪಿನಲ್ಲೇ ಇರಲಿ, ತನಗೇನೂ ನೋವಿಲ್ಲ, ಸಂಜೆ ಸಭೆ ಮುಗಿಯುವ ತನಕವಾದರೂ ಸುಮ್ಮನಿರು ಅಂತ ಬೇಡಿಕೊಂಡಳು. ನನ್ನ ಕಡೆಯಂತೂ ನೋಡಲೇ ಇಲ್ಲ. ಸಂಘಕ್ಕೆ ದೂರು ಕೊಟ್ಟವನು ನಾನೇ ತಾನೆ.

"ಅಂಗ್ ಮಾಡಕಾಗಲ್ಲ ಅಜ್ಜಿ," ಅಂದಳು ಅಸ್ಫಿಯಾ. "ನಿಮ್ ರಕ್ತ ಅವರ ಗುಂಪಲ್ಲಿ, ಅವರ ರಕ್ತ ನಿಮ್ ಗುಂಪಲ್ಲಿ ಇದ್ರೆ ನಾವ್ ನೋಡೋದೆಲ್ಲ ಸುಳ್ಳಾಗ್ಬುಡ್ತದೆ. ನಾಳೆ ಇನ್ಯಾರದೋ ತಾತಂಗೆ ಔಷಧಿ ಹುಡುಕೋರು ಈ ಲೆಕ್ಕನೇ ನಂಬ್ತಾರೆ."

ಅಕ್ಕ ಮೂಗು ಒರೆಸಿಕೊಂಡು, ಅಷ್ಟಕ್ಕೂ ಆ ರಕ್ತದಲ್ಲಿ ಏನು ನೋಡುತ್ತೀರಿ ಅಂತ ಕೇಳಿದಳು. ಅಸ್ಫಿಯಾ ಸುತ್ತ ನೋಡಿದಳು. ತೂಬು, ಕೊಂಬೆ ಏನು ಎತ್ತ ಅಂತ ನನ್ನಿಂದ ಕೇಳಿ ತಿಳಿದುಕೊಂಡಳು. ಆಮೇಲೆ ಹೇಳಿದಳು. ಮೈಯ ಪ್ರತಿಯೊಂದು ಜೀವಕೋಶದಲ್ಲೂ ಡಿಎನ್‌ಎ ಇದೆ. ಅದು ಕಟ್ಟೆಯಲ್ಲಿ ನಿಂತ ನೀರು, ಹುಟ್ಟಿದಾಗಿನಿಂದ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಜೀವಕೋಶ ಅದರಿಂದ ಅವತ್ತಿನ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ನಕಲು ಮಾಡಿ ಕಳಿಸುತ್ತದೆ. ಆ ನಕಲೇ ಆರ್‌ಎನ್‌ಎ, ಕಾಲುವೆಗೆ ಬಿಟ್ಟ ನೀರು. ಆ ನಕಲಿನ ಮೇಲೆ ಜೀವಕೋಶ ನಿಮ್ಮ ಲಕ್ಕಿ ಕೊಂಬೆಯ ಹಾಗೆ ಸಣ್ಣ ಸಣ್ಣ ಗುರುತು ಹಾಕುತ್ತದೆ. ಇದನ್ನು ಈಗ ಓದು, ಇದನ್ನು ಆ ತುದಿಗೆ ಸಾಗಿಸು, ಇದು ಸಾಕು, ಅಳಿಸು ಅಂತ. ಗುರುತು ನೆಡುವ ಆಳುಗಳು ಬೇರೆ, ನೋಡಿ ನಡೆಯುವವರು ಬೇರೆ, ಕೀಳುವವರು ಬೇರೆ. ಹೊಸದನ್ನು ನೆನಪಿಟ್ಟುಕೊಳ್ಳಲು ಮಿದುಳಿಗೆ ಈ ಗುರುತುಗಳು ಬೇಕೇ ಬೇಕು. ಅಲ್ಜೈಮರ್ ಬಂದವರಲ್ಲಿ ಅವು ಎಡವಟ್ಟಾಗಿರುವುದು ಕಂಡಿದೆ. ಕೆಲವರು ಗುರುತು ಕಡಿಮೆಯಾಗಿದೆ ಅನ್ನುತ್ತಾರೆ, ಕೆಲವರು ಹೆಚ್ಚಾಗಿದೆ ಅನ್ನುತ್ತಾರೆ. ಗುರುತು ಕೆಟ್ಟು ರೋಗ ಬಂತೋ, ರೋಗ ಬಂದು ಗುರುತು ಕೆಟ್ಟಿತೋ, ಅದೂ ಇನ್ನೂ ಗೊತ್ತಿಲ್ಲ. ಒಬ್ಬರ ರಕ್ತ ನೋಡಿ ಇವರಿಗೆ ರೋಗವಿದೆ ಅನ್ನಲು ಬರುವುದಿಲ್ಲ, ಅದಕ್ಕೇ ಇಷ್ಟೊಂದು ಜನರ ರಕ್ತ ಬೇಕು.

ಅಕ್ಕ ಭಾವನ ಕಡೆ ನೋಡಿದಳು. ಅವನು ಒಂದು ತೂಬಿನ ಪಕ್ಕ ಕೊಂಬೆ ನೆಟ್ಟು, ಯೋಚಿಸಿ, ಕಿತ್ತು, ಮುಂದಿನದರ ಪಕ್ಕ ನೆಟ್ಟು, ಮತ್ತೆ ಕಿತ್ತ.

"ಅಂಗಾರೆ ನೀರು ಬತ್ತೋಗಿಲ್ಲ ಅನ್ನು," ಅಂದಳು. "ಕೊಂಬೆ ಎಡವಟ್ಟಾಗವೆ, ಅಷ್ಟೇ."

"ಈಗ ಅಂಗೇ ಅನ್ಕೊಳಿ ಅಜ್ಜಿ. ಮುಂದೆ ಮುಂದೆ ನೀರೂ ಕಮ್ಮಿ ಆಯ್ತದೆ. ಅದುನ್ನ ನಿಲ್ಸೋ ಔಷಧಿ ಇನ್ನೂ ಇಲ್ಲ. ನಿಮ್ಗೆ ಸುಳ್ಳು ಹೇಳಕೆ ನನ್ ಕೈಲಾಗಲ್ಲ."

"ಅದು ಮುಂದಿನ್ ಮಾತು ಬುಡು ಮಗಾ. ಕೊಂಬೆ ತಾನೆ? ನಾನ್ ನೆಡ್ತೀನಿ."

ಸಂಜೆ ಹಾಲು ಅಳೆದು ಮುಗಿದ ಮೇಲೆ ಡೈರಿ ಮುಂದೆಯೇ ಸಭೆ ಸೇರಿತು. ಅಸ್ಫಿಯಾಳ ತಂದೆ ಕರೆದುಕೊಂಡು ಹೋಗಲು ಆಟೋ ತಂದಿದ್ದರು. ಅವರೂ ನಿಂತು ನೋಡಿದರು. ಸಂಘದವರು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತಳು. ತನಗೆ ಮರೆವಿಲ್ಲ, ತನ್ನ ಗಂಡನಿಗೆ ಇದೆ, ಹೋದ ಬೆಳೆಗೆ ಸರಿಯಾಗಿ ಬಿದ್ದ ಕೊಂಬೆಗಳೆಲ್ಲ ತಾನು ಕದ್ದು ಹೋಗಿ ನೆಟ್ಟವು ಅಂತ ಒಂದೇ ಉಸಿರಿಗೆ ಹೇಳಿದಳು. ಮೊದಲು ಬಾಯಿ ಬಂದದ್ದು ಸೊಸೆ ಅರ್ಪಿತಳಿಗೆ.

"ಅಂಗಾರೆ ಅತ್ತೆ, ಹೋಳಿಗೆ ತಿಂದಿದ್ದು ನಿಮ್ಗೆ ನೆನಪಿತ್ತಾ?"

"ನೆನಪಿತ್ತು ಕಣವ್ವ. ಚೆನ್ನಾಗಿತ್ತು, ಅದುಕ್ಕೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅರ್ಪಿತ ಕೂಡ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ನಗುವಿನ ನಡುವೆಯೇ ಭಾವ ಎದ್ದ. ಊರೆದುರು ಹೆಂಡತಿ ಹೀಗೆ ಅಂದದ್ದಕ್ಕೆ ಏನನ್ನುತ್ತಾನೋ, ಇಲ್ಲವೇ ನಡುಗಿ ಕೂತುಬಿಡುತ್ತಾನೋ ಅಂತ ನಾನು ಹೆದರಿದೆ. ಅವನು ಸಂಘದವರ ಕಡೆ ನೋಡಲಿಲ್ಲ, ಅಕ್ಕನ ಕಡೆ ನೋಡಿದ.

"ನಂಗೆ ಮರ್ತೋಗ್ತದೆ ಅಂತ ನಂಗೊತ್ತಿತ್ತು ಕಣಮ್ಮಿ," ಅಂದ. "ನಿಂಗೊತ್ತಾಗ್ಬಾರದು ಅಂತ ಸುಮ್ಕಿದ್ದೆ."

ನಾಲ್ಕು ಜನರ ಮುಂದೆ ಅತ್ತವನಲ್ಲ ನಾನು. ಅವತ್ತು ಹಾಲಿನ ಕ್ಯಾನಿನ ಹಿಂದೆ ಬಗ್ಗಿ ಕಣ್ಣು ಒರೆಸಿಕೊಂಡೆ. ಒಂದೇ ಸೂರಿನಡಿ ಅವಳು ಅವನಿಂದ ಬಚ್ಚಿಡುತ್ತಿದ್ದಳು, ಅವನು ಅವಳಿಂದ ಬಚ್ಚಿಡುತ್ತಿದ್ದ, ಎರಡನ್ನೂ ಗೋಡೆಯ ಈಚೆಗಿದ್ದ ನಾನು ಕಾಣಲಿಲ್ಲ. ಕಣ್ಣು ಒರೆಸಿಕೊಂಡ ಮೇಲೆ ಎಂದಿನ ಗಂಟಲಲ್ಲೇ ಹೇಳಿದೆ: ದೂರು ಕೊಟ್ಟವನು ನಾನು, ಪೈರು ಹೋದದ್ದು ನನ್ನದು, ಹಾಗಾಗಿ ಮಾತೂ ನನ್ನದೇ ನಡೆಯಬೇಕು. ನೀರುಗಂಟಿ ಅಣ್ಣಮ್ಮಕ್ಕ. ಹೆಂಗಸು ನೀರುಗಂಟಿಯಾದದ್ದು ಎಲ್ಲಿದೆ ಅಂತ ಯಾರೋ ಗೊಣಗಿದರು. ಹೋದ ವರ್ಷ ಕಾಲುವೆಯ ಕೊನೆಯ ತನಕ ನೀರು ಬಂದದ್ದು ಹೇಗೆ ಅಂತ ಚಿಕ್ಕಬೋರಮ್ಮ ಆ ಗೊಣಗಿನ ಕಡೆ ತಿರುಗಿ ಕೇಳಿದಳು. ಗೊಣಗು ನಿಂತಿತು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಚಲುವರಾಜು. ಬೆಳಗಿನ ಜಾವ ಏಳುವುದು ಅವನಿಗೆ ಹುಟ್ಟಿದಾರಭ್ಯ ಆಗದ ಕೆಲಸ. ಅಕ್ಕ ನೆಟ್ಟ ಕೊಂಬೆಯ ಫೋಟೊ ತೆಗೆದು ಎಲ್ಲರ ಮೊಬೈಲಿಗೆ ಕಳಿಸುವ ಕೆಲಸ ಮಾತ್ರ ತನಗಿರಲಿ ಅಂದ.

ಅಸ್ಫಿಯಾ ಮೇಲಿನವರಿಗೆ ಇದ್ದ ವಿಷಯ ತಿಳಿಸಿ, ಇಬ್ಬರಿಗೂ ಮತ್ತೆ ಪರೀಕ್ಷೆ ಮಾಡಿ ಗುಂಪು ಸರಿಪಡಿಸಿಕೊಂಡಳು. ತನ್ನ ಕೆಲಸಕ್ಕೆ ಕುತ್ತು ಬರುತ್ತದೇನೋ ಅಂತ ಹೆದರಿದ್ದಳಂತೆ, ಹಾಗೇನೂ ಆಗಲಿಲ್ಲ. ಅಕ್ಕ ಈ ಸಲ ಎಲ್ಲ ಪ್ರಶ್ನೆಗೂ ಉತ್ತರ ಹೇಳಿ, ಮುಗಿದ ಮೇಲೂ ಬಿಡದೆ ಅಸ್ಫಿಯಾಳ ಮದುವೆಯ ವಿಷಯ ವಿಚಾರಿಸಿದಳು. ಕುಮಾರ್ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಗಾಬರಿ ಮಾಡಿಕೊಳ್ಳಲಿಲ್ಲ, ಅಥವಾ ನಮಗೆ ತೋರಿಸಲಿಲ್ಲ. ಮಾತ್ರೆ ಕೊಟ್ಟಿದ್ದಾರೆ, ರೋಗ ಹೋಗುವುದಿಲ್ಲ, ದಿನಗಳು ಸ್ವಲ್ಪ ಸಲೀಸಾಗಬಹುದು ಅಂದಿದ್ದಾರೆ.

ಈಗ ಬೆಳಿಗ್ಗೆ ಡೈರಿ ಬಾಗಿಲು ತೆಗೆಯುವಾಗ ಇಬ್ಬರೂ ಏರಿಯ ಮೇಲೆ ಕಾಣುತ್ತಾರೆ. ಮುಂದೆ ಅಕ್ಕ, ಕಂಕುಳಲ್ಲಿ ಲಕ್ಕಿ ಕೊಂಬೆಗಳ ಕಂತೆ. ಹಿಂದೆ ಭಾವ. ಅವಳು ನೆಡುತ್ತಾಳೆ. ಕೀಳು ಅಂದಾಗ ಅವನು ಕೀಳುತ್ತಾನೆ. ನೆಟ್ಟವರೇ ಕೀಳಬೇಕು ಅನ್ನುವ ಪದ್ಧತಿಗೆ ಇದು ವಿರುದ್ಧ ಅಂತ ಯಾರೂ ಅಂದಿಲ್ಲ. ಅವರಿಬ್ಬರನ್ನೂ ಸೇರಿಸಿ ಊರು ಒಬ್ಬ ನೀರುಗಂಟಿ ಅಂತ ಲೆಕ್ಕ ಹಾಕಿದೆ. ಕೆಲವು ದಿನ ಭಾವ ನನ್ನನ್ನು ನನ್ನ ಅಪ್ಪನ ಹೆಸರಿನಿಂದ ಕರೆಯುತ್ತಾನೆ. ನಾನು ಓ ಅನ್ನುತ್ತೇನೆ. ಸತ್ತ ಅಪ್ಪನನ್ನು ಇನ್ನೂ ಯಾರೋ ಕೂಗುತ್ತಾರಲ್ಲ ಅಂತ ಸಂತೋಷವೇ ಆಗುತ್ತದೆ.

ಮೊನ್ನೆ ಹೀಗೇ ಬೈಕಿನಲ್ಲಿ ಬರುತ್ತಿದ್ದೆ. ಸರದಿಯೆಲ್ಲ ಮುಗಿಸಿದ ಅಕ್ಕ ನಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು, ಮದುವೆಯ ದಿನ ಕೂತಿದ್ದಳಂತಲ್ಲ, ಅದೇ ಮೆಟ್ಟಿಲು. ಕಾಲು ನೀರಿನಲ್ಲಿತ್ತು. ಭಾವನ ಕೈಯಲ್ಲಿ ಒಂದು ಕೊಂಬೆ ಮಿಕ್ಕಿತ್ತು. ಅದನ್ನು ಹಿಡಿದುಕೊಂಡು ಅತ್ತ ಇತ್ತ ನೋಡಿ, ಬಗ್ಗಿ, ಅವಳ ಪಕ್ಕದ ಹಸಿ ಮಣ್ಣಿನಲ್ಲಿ ನೆಟ್ಟ. ಅಲ್ಲಿ ತೂಬೂ ಇಲ್ಲ, ಗದ್ದೆಯೂ ಇಲ್ಲ. ಇವತ್ತು ಪೂರ್ತಿ ತಪ್ಪಿತು ಅಂದುಕೊಂಡು ಬೈಕು ನಿಲ್ಲಿಸಿದೆ.

"ಇದ್ಯಾರ್ ಸರದಿ ಅಂತ ನೆಟ್ರಿ?" ಅಂತ ಅಕ್ಕ ನಗುತ್ತ ಕೇಳಿದಳು.

"ನಂದು," ಅಂದ ಭಾವ. ಅವಳ ಪಕ್ಕದಲ್ಲಿ ಕೂತು ತಾನೂ ಕಾಲು ನೀರಿಗೆ ಬಿಟ್ಟ. "ಯಾರೂ ಮುಚ್ಚಬಾರ್ದು ಅಂತ."

ಅಕ್ಕ ಆ ಕಡೆ ಮುಖ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಕೈ ಅವನ ಮೊಣಕೈ ಹಿಡಿದಿತ್ತು. ನಾನು ಬೈಕು ತಳ್ಳಿಕೊಂಡೇ ಹೋದೆ, ಸದ್ದಾಗದಿರಲಿ ಅಂತ.

ಆ ಕೊಂಬೆ ಇನ್ನೂ ಅಲ್ಲೇ ಇದೆ. ಕೀಳಬೇಕಾದವನು ಮರೆತಿದ್ದಾನೆ, ನಾವು ಮುಟ್ಟುವ ಹಾಗಿಲ್ಲ. ಲಕ್ಕಿಗೆ ಒದ್ದೆ ಮಣ್ಣು ಸಿಕ್ಕರೆ ಬೇರು ಬಿಡಲು ಬಹಳ ದಿನ ಬೇಡ. ಇವತ್ತು ಬೆಳಿಗ್ಗೆ ನೋಡಿದೆ, ಗೆಣ್ಣಿನಲ್ಲಿ ಎರಡು ಎಲೆ ಒಡೆದಿವೆ.